ಏಕವಚನಕ್ಕೆ ಇಳಿದ ಜಗಳಗಳು

ಈ ವಾರದ ಮಾತನ್ನ ಪೂರ್ತಿ ಕೇಳೋಕೆ ಪುರುಸೊತ್ತಿಲ್ಲದವರಿಗೆ, ಆಫೀಸ್ ಕ್ಯಾಬಿನಲ್ಲಿ ಕೂತು ಓದೋರಿಗೆ, ಅದರ ಬರಹ ಇಲ್ಲಿದೆ. ಮಾತಾಡುವಾಗ ಅವಸರದಲ್ಲಿ ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೀನಿ.

ಮೊದಲು ಒಂದು ತಪ್ಪೊಪ್ಪಿಗೆ. 2016ರಲ್ಲಿ ನಾನು ಹೈದರಾಬಾದಿನಲ್ಲಿದ್ದೆ. ನಮ್ಮ ಟೀಮಿಗೆ ಹಾವೇರಿ ಕಡೆಯ ಒಬ್ಬ ಹುಡುಗ ಹೊಸದಾಗಿ ಬಂದಿದ್ದ. ಇಡೀ ಫ್ಲೋರಿನಲ್ಲಿ ಕನ್ನಡ ಮಾತಾಡೋರು ನಾವಿಬ್ಬರೇ. ಊರಿಂದ ಬಂದಾಗೆಲ್ಲ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸ್ಕೊಂಡು ಬಂದು, ಮಧ್ಯಾಹ್ನ ನನ್ನ ಕುರ್ಚಿ ಹಿಂದೆ ನಿಂತು "ಅಣ್ಣಾ, ಊಟಕ್ಕ ಬರ್ರಿ" ಅಂತಿದ್ದ. ಒಂದು ದಿನ ಅವನು ಬರೆದ ಕೋಡ್ ರಿವ್ಯೂಗೆ ಬಂತು. ಲೂಪಿನ ಒಳಗೆ ಪ್ರತಿ ಸಲ ಡೇಟಾಬೇಸಿಗೆ ಹೋಗಿ ಬರುವ ಹಾಗೆ ಬರೆದಿದ್ದ. ಹೊಸಬರು ಮಾಡೋ ತಪ್ಪೇ ಅದು, ನಾನೂ ಮಾಡಿದ್ದೆ. ಆದರೆ ಆವತ್ತು ರಾತ್ರಿಯೆಲ್ಲ ಪ್ರೊಡಕ್ಷನ್ ಕಾಲ್‌ನಲ್ಲಿ ಕೂತು ತಲೆ ಕೆಟ್ಟಿತ್ತು. ಇದನ್ನ ಬರೆದವರು ಕಾಲೇಜಿನಲ್ಲಿ ಕ್ಲಾಸಿಗೆ ಹೋಗಿದ್ರಾ, ಕ್ಯಾಂಟೀನಿಗೆ ಮಾತ್ರ ಹೋಗಿದ್ರಾ ಅಂತ ಕಾಮೆಂಟ್ ಹಾಕಿದೆ, ಇಂಗ್ಲಿಷಿನಲ್ಲಿ. ಮೂರು ಜನ ನಗುವ ಚಿಹ್ನೆ ಒತ್ತಿದರು. ಅವನು ಹತ್ತು ನಿಮಿಷದಲ್ಲಿ ಸರಿಮಾಡಿ "ಡನ್" ಅಂತ ಬರೆದ. ಮಾರನೇ ದಿನದಿಂದ ಊಟಕ್ಕೆ ಬೇರೆ ಟೇಬಲ್.

ಅದೇ ಮಾತನ್ನ ಎದುರಿಗೆ ಕೂತಿದ್ದರೆ ಹೇಳ್ತಿದ್ದೆನಾ? ಖಂಡಿತ ಇಲ್ಲ. ಅವನ ರೊಟ್ಟಿ ತಿಂದಿದ್ದೆ ರೀ. ಹಾಗಾದರೆ ಬೈದದ್ದು ನಾನೋ, ಕೀಬೋರ್ಡೋ? ಈ ಪ್ರಶ್ನೆ ಇಟ್ಕೊಂಡೇ ನಾನು ಈ ಚರಿತ್ರೆ ಓದೋಕೆ ಶುರು ಮಾಡಿದ್ದು.

ವಾದದಲ್ಲಿ ದಾರಿ ತಪ್ಪೋದು ಕಂಪ್ಯೂಟರ್ ಕಲಿಸಿದ್ದೇನಲ್ಲ. ಮನೆಯಲ್ಲಿ ಅಪ್ಪ "ವಿತಂಡವಾದ ಮಾಡಬೇಡ" ಅಂತ ಗದರಿಸ್ತಿದ್ದರಲ್ಲ, ಆ ಪದ ಗೌತಮನ ನ್ಯಾಯಸೂತ್ರದ್ದು. ಅಲ್ಲಿ ಮೂರು ಬಗೆಯ ಚರ್ಚೆ ಹೇಳಿದೆ. ಸತ್ಯ ತಿಳಿಯೋಕೆ ಮಾಡೋದು ವಾದ. ಹೇಗಾದರೂ ಗೆಲ್ಲಬೇಕು ಅಂತ ಮಾಡೋದು ಜಲ್ಪ. ತನ್ನದು ಅಂತ ಯಾವ ನಿಲುವೂ ಇಲ್ಲದೆ ಎದುರಿನವನದನ್ನ ಕೆಡವೋದಕ್ಕೇ ನಿಲ್ಲೋದು ವಿತಂಡ. ಮೂರನೆಯ ಪದ ಮಾತ್ರ ನಮ್ಮ ಅಡುಗೆಮನೆವರೆಗೂ ಬಂತು ಅನ್ನೋದನ್ನ ಗಮನಿಸಿ. ಬೇಕಾಗಿದ್ದು ಅದೇ ಅಂತ ಕಾಣುತ್ತೆ.

ಈಗ ತೆರೆಯ ಮೇಲಿನ ಜಗಳಕ್ಕೆ ಬರೋಣ. 1982, ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ. ಅಲ್ಲಿನ ಕಂಪ್ಯೂಟರ್ ವಿಭಾಗದವರು ಒಂದು ಎಲೆಕ್ಟ್ರಾನಿಕ್ ಫಲಕದಲ್ಲಿ ಹರಟೆ ಹೊಡೀತಿದ್ದರು. ಹಗ್ಗ ತುಂಡಾಗಿ ಕೆಳಗೆ ಬೀಳ್ತಿರೋ ಲಿಫ್ಟಿನಲ್ಲಿ ಒಂದು ತೊಟ್ಟು ಪಾದರಸ ಇದ್ದರೆ ಅದಕ್ಕೇನಾಗುತ್ತೆ ಅಂತ ಒಬ್ಬರು ಕೇಳಿದರು. ಇನ್ನೊಬ್ಬರು ತಮಾಷೆಗೆ, ಭೌತಶಾಸ್ತ್ರದ ಪ್ರಯೋಗದಿಂದ ಒಂದು ಲಿಫ್ಟಿನಲ್ಲಿ ಪಾದರಸ ಚೆಲ್ಲಿದೆ ಅಂತ ಎಚ್ಚರಿಕೆ ಹಾಕಿದರು. ಕೆಲವರು ಅದನ್ನ ನಿಜ ಅಂತಲೇ ತಗೊಂಡರು. ಆಮೇಲೆ ತಮಾಷೆಗೆ ಏನು ಗುರುತು ಹಾಕಬೇಕು ಅನ್ನೋ ಚರ್ಚೆ. ಸೆಪ್ಟೆಂಬರ್ 19ರಂದು ಸ್ಕಾಟ್ ಫಾಲ್ಮನ್ ಅನ್ನೋರು ಒಂದು ಕೋಲನ್, ಒಂದು ಅಡ್ಡಗೆರೆ, ಒಂದು ಆವರಣ ಚಿಹ್ನೆ ಜೋಡಿಸಿ, ಇದನ್ನ ತಲೆ ವಾಲಿಸಿ ಓದಿ ಅಂದರು. ನಾವು ದಿನಕ್ಕೆ ನೂರು ಸಲ ಒತ್ತುವ ನಗುಮುಖದ ಮೂಲಪುರುಷ ಅದು. ಬರೆದ ಮಾತಿನಲ್ಲಿ ಧ್ವನಿ ಇರಲ್ಲ, ಇರದಿದ್ದರೆ ಜನ ತಪ್ಪು ತಿಳೀತಾರೆ ಅನ್ನೋದು ಆಗಲೇ ಅವರಿಗೆ ಗೊತ್ತಾಗಿತ್ತು.

ಅದೇ ಕ್ಯಾಂಪಸ್ಸಿನಲ್ಲಿ ಸಾರಾ ಕೀಸ್ಲರ್ ಮತ್ತು ಅವರ ಜೊತೆಗಾರರು ಇದನ್ನೇ ಪ್ರಯೋಗ ಮಾಡಿ ನೋಡಿದರು. ಮೂರು ಮೂರು ಜನರ ಗುಂಪು, ಒಂದು ಸಮಸ್ಯೆ, ಒಮ್ಮತದ ತೀರ್ಮಾನಕ್ಕೆ ಬರಬೇಕು. ಕೆಲವು ಗುಂಪು ಎದುರುಬದುರು, ಕೆಲವು ಕಂಪ್ಯೂಟರಿನಲ್ಲಿ. 1984ರಲ್ಲಿ ಫಲಿತಾಂಶ ಪ್ರಕಟವಾಯ್ತು. ಕಂಪ್ಯೂಟರಿನಲ್ಲಿ ಮಾತಾಡಿದವರು ಹೆಚ್ಚು ಬೈದಾಡಿದ್ದರು, ಹೆಸರಿಟ್ಟು ಕರೆದಿದ್ದರು, ತೀರ್ಮಾನಕ್ಕೆ ಬರೋಕೂ ಹೆಚ್ಚು ಹೊತ್ತು ತಗೊಂಡಿದ್ದರು. ಆದರೆ ಇನ್ನೊಂದು ಫಲಿತಾಂಶ ಇದೆ, ಅದನ್ನ ಎಲ್ಲರೂ ಮರೀತಾರೆ: ಕಂಪ್ಯೂಟರಿನಲ್ಲಿ ಮೂವರೂ ಹೆಚ್ಚು ಸಮನಾಗಿ ಮಾತಾಡಿದ್ದರು. ಎದುರಿಗೆ ಕೂತಾಗ ಒಬ್ಬನದೇ ಕಾರುಬಾರು. ಮೀಟಿಂಗಿನಲ್ಲಿ ಬಾಯೇ ಬಿಡದವನು ಚಾಟ್‌ನಲ್ಲಿ ಸರಿಯಾದ ಪ್ರಶ್ನೆ ಕೇಳೋದನ್ನ ನಾವೆಲ್ಲ ನೋಡಿದ್ದೀವಿ. ಯಾವ ಬಾಗಿಲಿನಿಂದ ಬೈಗುಳ ಬಂತೋ ಅದೇ ಬಾಗಿಲಿನಿಂದ ಧೈರ್ಯಾನೂ ಬಂತು. ಹಾಗಾಗಿ ಬಾಗಿಲು ಮುಚ್ಚಿ ಅನ್ನೋರ ಮಾತು ನನಗೆ ಒಪ್ಪಿಗೆಯಾಗಲ್ಲ.

ಯೂಸ್‌ನೆಟ್ ಅಂತ ಒಂದು ಜಾಲ ಇತ್ತು, ಈಗಿನ ಹುಡುಗರಿಗೆ ಹೆಸರೂ ಗೊತ್ತಿರಲ್ಲ. 1979ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳಿಗೆ ಹೊಳೆದದ್ದು, 1980ರಲ್ಲಿ ಓಡಿದ್ದು. ಬಿರುಸಾಗಿ ಬೈದು ಬರೆಯೋದಕ್ಕೆ ಅಲ್ಲಿ "ಫ್ಲೇಮ್" ಅಂತಿದ್ದರು, ಬೆಂಕಿ. ಮನಸ್ಸು ನೋಯಿಸೋ ಜೋಕುಗಳನ್ನ ಪ್ರತಿ ಅಕ್ಷರ ಹದಿಮೂರು ಸ್ಥಾನ ಸರಿಸಿ ಹಾಕ್ತಿದ್ದರು, ರಾಟ್ 13 ಅಂತ. ಬೇಕಾದವನು ಬಿಡಿಸಿ ಓದಲಿ, ಬೇಡದವನ ಕಣ್ಣಿಗೆ ಬೀಳದಿರಲಿ. ನೋಡಿ, ಎಷ್ಟು ಮರ್ಯಾದಸ್ಥರು! 1990ರಲ್ಲಿ ಮೈಕ್ ಗಾಡ್ವಿನ್ ಅನ್ನೋ ವಕೀಲರು, ಚರ್ಚೆ ಉದ್ದವಾಗ್ತಾ ಹೋದ ಹಾಗೆ ಯಾರೋ ಯಾರನ್ನೋ ಹಿಟ್ಲರಿಗೆ ಹೋಲಿಸುವ ಸಂಭವ ಒಂದಕ್ಕೆ ಹತ್ತಿರವಾಗುತ್ತೆ ಅಂತ ಒಂದು ನಿಯಮವನ್ನೇ ಮಾಡಿದರು. ಲಕ್ಷಾಂತರ ಜನ ಸತ್ತ ಕಥೆಯನ್ನ ಇಷ್ಟು ಅಗ್ಗ ಮಾಡಬೇಡಿ ಅನ್ನೋದು ಅವರ ಕಳಕಳಿ. ನಮ್ಮ ಕಡೆ ಹಿಟ್ಲರ್ ಅಪರೂಪ. ಭಕ್ತ, ಗುಲಾಮ, ಗಂಜಿ ಗಿರಾಕಿ, ಹೀಗೆ ನಮ್ಮದೇ ಸರಕು ಇದೆ. ಒಮ್ಮೆ ಅಂಟಿಸಿದರೆ ಆಯ್ತು, ಅವನು ಹೇಳಿದ್ದನ್ನ ಓದುವ ಕೆಲಸ ಉಳೀತು.

ನಾನು ನಿಜವಾಗಿ ಹೇಳಬೇಕು ಅಂತಿದ್ದದ್ದು 1992ರ ಕಥೆ.

ಆಮ್‌ಸ್ಟರ್ಡಾಮಿನಲ್ಲಿ ಆಂಡ್ರ್ಯೂ ಟಾನನ್‌ಬಾಮ್ ಅಂತ ಪ್ರೊಫೆಸರ್. ನಮ್ಮಲ್ಲಿ ಅನೇಕರು ಅವರ ಆಪರೇಟಿಂಗ್ ಸಿಸ್ಟಮ್ ಪುಸ್ತಕ ಹಿಡಿದೇ ಸೆಮಿಸ್ಟರ್ ದಾಟಿದ್ದು. ಪಾಠಕ್ಕಾಗಿ ಮಿನಿಕ್ಸ್ ಅನ್ನೋ ಪುಟ್ಟ ಸಿಸ್ಟಮ್ ಬರೆದಿದ್ದರು. ಅದನ್ನ ಓದಿ, ಬಳಸಿ ಬೆಳೆದವನು ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್. ಅವನು ಬರೆದ ಲಿನಕ್ಸ್ ಬಗ್ಗೆ ಮಿನಿಕ್ಸ್ ಗುಂಪಿನಲ್ಲೇ ಮಾತು ಹೆಚ್ಚಾಯ್ತು. ಜನವರಿ 29ರಂದು ಪ್ರೊಫೆಸರ್ ಅದೇ ಗುಂಪಿನಲ್ಲಿ, ಲಿನಕ್ಸ್ ಓಬೀರಾಯನ ಕಾಲದ್ದು ಅನ್ನೋ ಅರ್ಥದ ತಲೆಬರಹ ಹಾಕಿ ಬರೆದರು. ಅವರ ತಕರಾರು ಎರಡು. ಕರ್ನಲ್ ಅನ್ನೋದನ್ನ ಒಂದೇ ದೊಡ್ಡ ಮುದ್ದೆಯಾಗಿ ಕಟ್ಟಿದ್ದೀಯ, ಇದು ಎಪ್ಪತ್ತರ ದಶಕಕ್ಕೆ ವಾಪಸ್ ಹೋದ ಹಾಗೆ. ಚಿಕ್ಕ ಚಿಕ್ಕ ಭಾಗ ಬಿಡಿಸಿ ಕಟ್ಟೋ ಮೈಕ್ರೋಕರ್ನಲ್ ಕಾಲ ಇದು. ಎರಡನೆಯದು, ಇಂಟೆಲ್ಲಿನ 386 ಚಿಪ್ಪಿಗೆ ಇದನ್ನ ಕಟ್ಟಿಹಾಕಿದ್ದೀಯ. ಚರ್ಚೆಯಲ್ಲಿ ಮುಂದೆ ಒಂದು ಕಡೆ, ನೀನು ನನ್ನ ವಿದ್ಯಾರ್ಥಿ ಆಗಿದ್ದರೆ ಇದಕ್ಕೆ ಒಳ್ಳೆ ಗ್ರೇಡ್ ಸಿಗ್ತಿರಲಿಲ್ಲ ಅಂತಲೂ ಅಂದರು.

ಲಿನಸ್‌ಗೆ ಆಗ 22. ಅವತ್ತೇ ಉತ್ತರ ಬರೆದ. ತಾಂತ್ರಿಕ ಉತ್ತರವೂ ಇತ್ತು, ಅದರ ಜೊತೆಗೆ ಮಿನಿಕ್ಸಿನ ತಲೆಯೇ ಕೆಟ್ಟಿದೆ, ಪ್ರೊಫೆಸರ್ ಆಗಿರೋದು ಅದಕ್ಕೆ ಭಾರೀ ಒಳ್ಳೆ ನೆಪ ಅನ್ನೋ ವ್ಯಂಗ್ಯದ ಧಾಟಿಯ ಮಾತೂ ಇತ್ತು. ಜಗತ್ತೇ ಓದುವ ಜಾಗದಲ್ಲಿ, ತಾನು ಯಾರ ಪುಸ್ತಕ ಓದಿ ಕಲಿತನೋ ಅವರಿಗೇ.

ಇದನ್ನ ಹೇಳೋರೆಲ್ಲ ಇಲ್ಲಿಗೇ ನಿಲ್ಲಿಸ್ತಾರೆ. ಮಾರನೇ ದಿನ ಏನಾಯ್ತು ಅಂತ ಹೇಳಲ್ಲ. ಯಾರೋ ಒಬ್ಬರು ಲಿನಸ್‌ಗೆ ಖಾಸಗಿಯಾಗಿ, ಸ್ನೇಹದಿಂದ, ಹೀಗಲ್ಲಪ್ಪ ಮಾತಾಡೋದು ಅಂತ ಒಂದು ಪತ್ರ ಬರೆದರು. ಗುಂಪಿನಲ್ಲಿ ಎಲ್ಲರ ಮುಂದೆ ಅಲ್ಲ. ಲಿನಸ್ ಆ ಪತ್ರಕ್ಕೆ ಧನ್ಯವಾದ ಹೇಳಿ, ಪ್ರೊಫೆಸರರ ಕ್ಷಮೆ ಕೇಳಿ, ಅತಿಯಾಗಿ ಆಡಿದೆ, ಅವರಿಗೆ ಬೇರೆ ಪತ್ರ ಬರೀತಿದ್ದೀನಿ ಅಂತ ಅದೇ ಗುಂಪಿನಲ್ಲಿ ಹಾಕಿದ. ಚರ್ಚೆ ನಿಲ್ಲಲಿಲ್ಲ, ಇಬ್ಬರೂ ನಿಲುವು ಬಿಡಲಿಲ್ಲ. ಬೈಗುಳ ಕಮ್ಮಿಯಾಯ್ತು, ಅಷ್ಟೇ.

ಹನ್ನೆರಡು ವರ್ಷ ಬಿಟ್ಟು, 2004ರಲ್ಲಿ, ಲಿನಕ್ಸನ್ನ ಒಬ್ಬ ವಿದ್ಯಾರ್ಥಿ ಬರೆದಿರೋಕೆ ಸಾಧ್ಯವೇ ಇಲ್ಲ, ಮಿನಿಕ್ಸಿನಿಂದ ಕದ್ದಿರಬೇಕು ಅನ್ನೋ ಅರ್ಥದ ಪುಸ್ತಕ ಬರೆಯೋಕೆ ಒಬ್ಬರು ಹೊರಟರು. ಸಾಕ್ಷಿ ಹುಡುಕಿಕೊಂಡು ಆಮ್‌ಸ್ಟರ್ಡಾಮಿಗೂ ಹೋದರು. ಹಳೇ ಸೇಡು ತೀರಿಸೋಕೆ ಇದಕ್ಕಿಂತ ಅವಕಾಶ ಬೇಕಾ? ಟಾನನ್‌ಬಾಮ್ ತಮ್ಮ ವೆಬ್‌ಸೈಟಿನಲ್ಲಿ ಉದ್ದಕ್ಕೆ ಬರೆದು, ಅದು ಲಿನಸ್ ಬರೆದದ್ದೇ, ಕದ್ದದ್ದಲ್ಲ ಅಂತ ಸಾರಿ ಹೇಳಿದರು. ಲಿನಕ್ಸಿನ ವಿನ್ಯಾಸ ಸರಿಯಲ್ಲ ಅನ್ನೋ ಅಭಿಪ್ರಾಯ ಮಾತ್ರ ಹಾಗೇ ಇಟ್ಟುಕೊಂಡರು. ಗೌತಮ "ವಾದ" ಅಂದದ್ದು ಇದನ್ನೇ ಇರಬೇಕು.

ಆದರೆ ಲಿನಸ್ ಮುಂದೆ ತಾನೇ ದೊಡ್ಡವನಾದ. ದೊಡ್ಡವನಿಗೆ ಖಾಸಗಿ ಪತ್ರ ಬರೆಯೋರು ಯಾರು? ಕರ್ನಲ್ ಬರೆಯೋರ ನಡುವೆ ಅವರ ಬೈಗುಳ ಒಂದು ಸಂಪ್ರದಾಯವೇ ಆಯ್ತು. 2012ರ ಡಿಸೆಂಬರಿನಲ್ಲಿ, ಒಂದು ಬದಲಾವಣೆಯಿಂದ ಬಳಕೆದಾರರ ಪ್ರೋಗ್ರಾಮ್ ಕೆಟ್ಟಾಗ, ತಮ್ಮ ಜೊತೆಗೇ ಕೆಲಸ ಮಾಡೋ ಒಬ್ಬರಿಗೆ ದಪ್ಪಕ್ಷರದಲ್ಲಿ ಬಾಯ್ಮುಚ್ಚು ಅಂದರು, ಅದಕ್ಕಿಂತ ಕೆಟ್ಟದಾಗಿ. ತಾಂತ್ರಿಕವಾಗಿ ಅವರು ಹೇಳಿದ್ದು ಸರಿ. ನಾನು ಲೂಪಿನ ಬಗ್ಗೆ ಹೇಳಿದ್ದೂ ಸರಿಯೇ. 2013ರ ಜುಲೈನಲ್ಲಿ ಇಂಟೆಲ್ಲಿನಲ್ಲಿದ್ದ ಸೇಜ್ ಶಾರ್ಪ್, ಲಿನಕ್ಸಿಗೆ ಯುಎಸ್‌ಬಿ 3 ಡ್ರೈವರ್ ಬರೆದುಕೊಟ್ಟವರು, ಎಲ್ಲರೆದುರೇ ಈ ಬೈಗುಳ ನಿಲ್ಲಿಸಿ ಅಂದರು. ಲಿನಸ್ ವಾದ ಏನಪ್ಪಾ ಅಂದರೆ, ಬಲವಂತದ ಸಭ್ಯತೆ ತಂದರೆ ಬೆನ್ನ ಹಿಂದಿನ ಚಾಡಿ ಶುರುವಾಗುತ್ತೆ, ನಾನು ನಾಟಕ ಮಾಡಲ್ಲ ಅಂತ. ಆಫೀಸ್ ರಾಜಕೀಯ ಕಂಡ ನಮಗೆ ಈ ವಾದ ಪೂರ್ತಿ ಸುಳ್ಳು ಅನ್ನಿಸಲ್ಲ. ಆದರೆ ಬಾಯಿಬಿಟ್ಟು ಬೈಯೋ ಸ್ವಾತಂತ್ರ್ಯ ಮೇಲಿದ್ದವನಿಗೆ ಮಾತ್ರ ಇರುತ್ತೆ ಅನ್ನೋದನ್ನ ಅದು ಹೇಳಲ್ಲ. 2015ರಲ್ಲಿ ಶಾರ್ಪ್ ಕರ್ನಲ್ ಕೆಲಸ ಬಿಟ್ಟೆ ಅಂತ ಪ್ರಕಟಿಸಿದರು.

2018ರ ಸೆಪ್ಟೆಂಬರ್ 16ರಂದು ಲಿನಸ್ ಎಂದಿನಂತೆ ಹೊಸ ಆವೃತ್ತಿಯ ಸುದ್ದಿ ಕಳಿಸಿ, ಅದರಲ್ಲೇ ತಮ್ಮ ಮೇಲ್‌ಗಳಲ್ಲಿನ ವೈಯಕ್ತಿಕ ದಾಳಿಗೆ ಕ್ಷಮೆ ಕೇಳಿದರು. ಸ್ವಲ್ಪ ದಿನ ರಜೆ ಹಾಕ್ತೀನಿ, ಜನರ ಭಾವನೆ ಅರ್ಥಮಾಡಿಕೊಳ್ಳೋಕೆ ಸಹಾಯ ಪಡೀತೀನಿ ಅಂದರು. ಹೊಸ ನಡತೆ ಸಂಹಿತೆ ಬಂತು, ಅದರ ಮೇಲೂ ಜಗಳ ಆಯ್ತು ಅನ್ನಿ. ಅಕ್ಟೋಬರಿನಲ್ಲಿ ವಾಪಸ್ ಬಂದರು.

ಅಂದ ಹಾಗೆ, ಸಿಟ್ಟು ಬಂದಾಗ ಬರೆದ ಉತ್ತರವನ್ನ ಒಂದು ರಾತ್ರಿ ಕಳೆದು ಕಳಿಸಿ ಅಂತ 1995ರ ಅಕ್ಟೋಬರಿನ ಆರ್‌ಎಫ್‌ಸಿ 1855ರಲ್ಲೇ ಬರೆದಿಟ್ಟಿದೆ. ವಿಎಸ್‌ಎನ್‌ಎಲ್ ನಮ್ಮ ದೇಶದ ಜನಸಾಮಾನ್ಯರಿಗೆ ಇಂಟರ್ನೆಟ್ ಕೊಟ್ಟು ಆಗ ಎರಡು ತಿಂಗಳಾಗಿತ್ತಷ್ಟೇ. ಉಳಿದ ಆರ್‌ಎಫ್‌ಸಿಗಳನ್ನ ಎಷ್ಟು ಶ್ರದ್ಧೆಯಿಂದ ಪಾಲಿಸಿದ್ದೀವಿ ನಾವು!

ಇಂಗ್ಲಿಷಿನ "ಯೂ" ಒಂದೇ. ಕನ್ನಡದಲ್ಲಿ ಜಗಳದ ಮೊದಲ ಮೆಟ್ಟಿಲು ಬೈಗುಳ ಅಲ್ಲ, ವಚನ. "ನೀವು" ಹೋಗಿ "ನೀನು" ಬಂದ ಸಾಲಿನಿಂದ ಲೆಕ್ಕ ಶುರು. "ಏಕವಚನದಲ್ಲಿ ಮಾತಾಡಬೇಡಿ" ಅಂತ ವಿಧಾನಸಭೆಯಿಂದ ಬಸ್ ಕಂಡಕ್ಟರ್‌ವರೆಗೆ ಎಲ್ಲರೂ ಕೂಗೋದು ಅದಕ್ಕೇ. ಇನ್ನೂ ಸೂಕ್ಷ್ಮದವರು ಬಹುವಚನದಲ್ಲೇ ಕುಟುಕುತ್ತಾರೆ: ಸ್ವಾಮಿ, ಮಹಾನುಭಾವರೇ, ಪಂಡಿತೋತ್ತಮರೇ. ಬೈಸಿಕೊಂಡವನಿಗೆ ದೂರು ಹೇಳೋಕೂ ಒಂದು ಪದ ಸಿಗಲ್ಲ.

ಆ ಸೆಪ್ಟೆಂಬರಿನಲ್ಲಿ ನಾನು ಪುಣೆಗೆ ಬಂದಾಗಿತ್ತು. ಲಿನಸ್ ಪತ್ರ ಓದಿದ ರಾತ್ರಿ ಹಾವೇರಿ ಹುಡುಗನಿಗೆ ಲಿಂಕ್ಡ್‌ಇನ್‌ನಲ್ಲಿ ಬರೆದೆ. ಕನ್ನಡದಲ್ಲೇ. ಲೂಪ್, ಕ್ಯಾಂಟೀನ್ ಮಾತು, ಎಲ್ಲ ನೆನಪಿಸಿ, ತಪ್ಪಾಯ್ತು ಮಾರಾಯ ಅಂದೆ. ಎರಡು ದಿನ ಬಿಟ್ಟು ಉತ್ತರ ಬಂತು, ಇಂಗ್ಲಿಷಿನಲ್ಲಿ, ಒಂದೇ ಸಾಲು.

"ಇಟ್ಸ್ ಓಕೆ ಸರ್, ನೋ ಇಶ್ಯೂಸ್."

ಅವನು ನನ್ನನ್ನ "ಸರ್" ಅಂದದ್ದು ಅದೇ ಮೊದಲು.