ದಪ್ಪಿನ ಸೀಮೆಗೆ ರ‍್ಯಾಪ್ ಹೊಸದೇನಲ್ಲ

1956ರ ನವೆಂಬರ್ 1ಕ್ಕೆ ಮೊದಲು ನಿಲಂಗಾ, ಉದಗೀರ ಎರಡೂ ಬೀದರ ಜಿಲ್ಲೆಯ ತಾಲ್ಲೂಕುಗಳಾಗಿದ್ದವು. ಉಮರ್ಗಾ ಆಗಲೂ ಉಸ್ಮಾನಾಬಾದಿಗೇ ಸೇರಿತ್ತು. ಹೈದರಾಬಾದ್ ರಾಜ್ಯ ಮೂರು ಪಾಲಾದಾಗ ಅಹಮದಪುರದ ಜೊತೆಗೆ ನಿಲಂಗಾ, ಉದಗೀರಗಳು ಮುಂಬಯಿ ರಾಜ್ಯದ ಪಾಲಿಗೆ ಹೋದವು. 1982ರಲ್ಲಿ ಲಾತೂರ ಜಿಲ್ಲೆ ಹುಟ್ಟಿದ ಮೇಲೆ ಅದರೊಳಗೆ ಸೇರಿಕೊಂಡವು. ಗಡಿ ಸರಿಯಿತು, ಬೀಗತನ ಸರಿಯಲಿಲ್ಲ. ಈಚೆ ಬಸವಕಲ್ಯಾಣ, ಭಾಲ್ಕಿ, ಔರಾದ, ಆಳಂದ. ಆಚೆ ಉಮರ್ಗಾ, ನಿಲಂಗಾ, ಉದಗೀರ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಬಜಾರಿನಲ್ಲಿ ದಖನಿ ಆಡುವ ಕುಟುಂಬಗಳು ಅಲ್ಲಿ ಇವತ್ತಿಗೂ ಇವೆ.

ಇಂಥ ಸೀಮೆಗೆ ಈಗ ರ‍್ಯಾಪ್ ಬಂದಿದೆ. ಬೆಂಗಳೂರಿನ ಚಂದನ್ ಶೆಟ್ಟಿ, ಆಲ್ ಓಕೆ, ಮುಂಬಯಿಯ ಸ್ವದೇಸಿ ತಂಡ, ಸಂಭಾಜಿನಗರದ ಹುಡುಗರು, ಎಲ್ಲರೂ ಒಂದೇ ಫೋನಿನಲ್ಲಿ ಸಿಗುತ್ತಾರೆ. ಹಿಂದೆಯೇ ಹಳೆಯ ತಕರಾರೂ ಬಂದಿದೆ: ರಾಗವಿಲ್ಲ, ಆಲಾಪವಿಲ್ಲ, ಬರೀ ಮಾತು, ಇದನ್ನು ಸಂಗೀತ ಅನ್ನಬಹುದೆ? ಬೇರೆ ಊರಿನವರು ಕೇಳಿದ್ದರೆ ಒಪ್ಪಬಹುದಿತ್ತು. ಸಂಗೀತವೆಂದರೇನು ಎಂಬುದನ್ನು ಗ್ರಂಥಸ್ಥಗೊಳಿಸಿದ ಎರಡು ಆಸ್ಥಾನಗಳ ನಡುವೆ ಕೂತ ಊರುಗಳು ಕೇಳುವಾಗ ಮಾತ್ರ ಸ್ವಲ್ಪ ಹಿಂದೆ ತಿರುಗಿ ನೋಡಬೇಕಾಗುತ್ತದೆ.

ಮೊದಲ ಆಸ್ಥಾನ ಕಲ್ಯಾಣ, ಅಂದರೆ ಇಂದಿನ ಬಸವಕಲ್ಯಾಣ. ಉಮರ್ಗಾದಿಂದ ಹೊರಟರೆ ಒಂದು ಗಂಟೆಯ ದಾರಿ. 12ನೇ ಶತಮಾನದಲ್ಲಿ ಅಲ್ಲಿ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ವಿಶ್ವಕೋಶ ಬರೆಸಿದ. ಅಡುಗೆ, ಆನೆ, ಬೇಟೆಗಳ ಜೊತೆಗೆ ಅದರಲ್ಲಿ ಹಾಡಿನ ಅಧ್ಯಾಯವೂ ಇದೆ. ಕಥೆ ಹೇಳಲು ಷಟ್ಪದಿ, ಮದುವೆಗೆ ಧವಳ, ಮಹಾರಾಷ್ಟ್ರದ ಹೆಂಗಸರು ಕಾಳು ಕುಟ್ಟುವಾಗ ಹಾಡುವ ಓವಿ, ಎಲ್ಲಕ್ಕೂ ಅಲ್ಲಿ ಜಾಗ ಸಿಕ್ಕಿದೆ. ಒನಕೆಯ ಪೆಟ್ಟಿಗೆ ಹೊಂದಿಸಿ ಹೇಳುವ ಮಾತು ಗೀತವೋ ಅಲ್ಲವೋ ಎಂದು ರಾಜ ತಲೆ ಕೆಡಿಸಿಕೊಂಡಂತೆ ಕಾಣುವುದಿಲ್ಲ.

ಎರಡನೆಯದು ಮರಾಠವಾಡದ ಇನ್ನೊಂದು ತುದಿಯ ದೇವಗಿರಿ. 13ನೇ ಶತಮಾನದಲ್ಲಿ ಯಾದವ ಸಿಂಘಣನ ಆಸ್ಥಾನದಲ್ಲಿದ್ದ ಶಾರ್ಙ್ಗದೇವ ಅಲ್ಲಿ ‘ಸಂಗೀತರತ್ನಾಕರ’ ಬರೆದ. ಹಿಂದುಸ್ತಾನಿಯವರೂ ಕರ್ನಾಟಕ ಸಂಗೀತದವರೂ ತಮ್ಮದೆಂದು ಒಪ್ಪುವ ಗ್ರಂಥ ಅದು. ಬರೆದವನು ಕಾಶ್ಮೀರದಿಂದ ಬಂದ ಮನೆತನದವನು, ವೃತ್ತಿಯಿಂದ ಆಸ್ಥಾನದ ಲೆಕ್ಕಪತ್ರದ ಅಧಿಕಾರಿ. ಲೆಕ್ಕದವನಾದ್ದರಿಂದಲೋ ಏನೋ, ಎಲ್ಲವನ್ನೂ ಎಣಿಸಿಟ್ಟಿದ್ದಾನೆ. ಗೀತ, ವಾದ್ಯ, ನೃತ್ಯ ಮೂರೂ ಸೇರಿದರೆ ಸಂಗೀತ. ಕಟ್ಟಿದ ಹಾಡಿಗೆ, ಅಂದರೆ ಪ್ರಬಂಧಕ್ಕೆ, ಆರು ಅಂಗಗಳು: ಸ್ವರ, ಬಿರುದು, ಪದ, ತೇನ, ಪಾಟ, ತಾಳ.

ಈ ಪಟ್ಟಿಯನ್ನು ರ‍್ಯಾಪ್ ಕೇಳುತ್ತಾ ಓದಿದರೆ ನಗು ಬರುತ್ತದೆ. ಪಾಟವೆಂದರೆ ವಾದ್ಯದ ಸೊಲ್ಲುಗಳನ್ನು ಬಾಯಲ್ಲಿ ನುಡಿಯುವುದು. ಬೀಟ್‌ಬಾಕ್ಸ್ ಮಾಡುವ ಹುಡುಗ ಮಾಡುವುದೂ ಹೆಚ್ಚುಕಡಿಮೆ ಅದನ್ನೇ. ಬಿರುದು ಎಂದರೆ ಹೊಗಳಿಕೆ. ತನ್ನನ್ನು ತಾನೇ ಕೊಚ್ಚಿಕೊಳ್ಳದ ರ‍್ಯಾಪರ್ ಸಿಗುವುದು ಕಷ್ಟ. ಪದ, ತಾಳಗಳಂತೂ ರ‍್ಯಾಪಿನ ಎರಡು ಕಾಲುಗಳು. ಪ್ರಬಂಧದ ಕೊನೆಯ ಭಾಗದಲ್ಲಿ ಕಟ್ಟಿದವನ ಹೆಸರು ಬರಬೇಕು. ರ‍್ಯಾಪಿನಲ್ಲೂ ಬರುತ್ತದೆ, ಬೇಕಾದ್ದಕ್ಕಿಂತ ಹೆಚ್ಚು ಸಲ. ಆರೂ ಅಂಗ ಇರಲೇಬೇಕೆಂಬ ಹಟವೂ ಶಾರ್ಙ್ಗದೇವನಿಗಿಲ್ಲ. ಎರಡೇ ಅಂಗಗಳಿರುವ ಪ್ರಬಂಧಕ್ಕೂ ‘ತಾರಾವಳಿ’ ಎಂಬ ಜಾತಿ ಕೊಟ್ಟು ಒಳಗೆ ಕರೆದಿದ್ದಾನೆ.

ಎದುರು ಪಕ್ಷಕ್ಕೂ ಅದೇ ಗ್ರಂಥದಲ್ಲಿ ಆಧಾರವಿದೆ ಎಂಬುದನ್ನು ಮುಚ್ಚಿಡಬಾರದು. ಮನಸ್ಸನ್ನು ರಂಜಿಸುವ ಸ್ವರಗಳ ಜೋಡಣೆಯೇ ಗೀತ ಎಂದೂ ಅವನು ಹೇಳುತ್ತಾನೆ. ಸ್ವರವನ್ನು ಅಷ್ಟು ಮುಂದೆ ಕೂರಿಸಿದರೆ ರ‍್ಯಾಪ್ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ. ಆಗ ಅದರ ಪಕ್ಕದಲ್ಲಿ ಇನ್ನೂ ಬಹಳ ಮಂದಿ ನಿಲ್ಲಬೇಕಾಗುತ್ತದೆ, ಮೊದಲಿಗೆ ಗೀಗೀ ಮೇಳದವರು.

ವಿಜಯಪುರ, ಕಲಬುರಗಿ, ಸೊಲ್ಲಾಪುರ ಸೀಮೆಯಲ್ಲಿ ಗೀಗೀ ಪದ ಕೇಳಿದವರಿಗೆ ವಿವರಿಸಬೇಕಿಲ್ಲ. ಮುಂದಾಳು ದಪ್ಪು ಬಡಿಯುತ್ತಾ ಪದ ಎತ್ತುತ್ತಾನೆ. ಹಿಂದೆ ತುಂತುಣಿ, ತಾಳ ಹಿಡಿದವರು ಸಾಲಿನ ಕೊನೆ ಹಿಡಿದು ಗೀಗೀ ಎಂದು ಎಳೆಯುತ್ತಾರೆ. ಮರಾಠಿಯಲ್ಲಿ ಇಂಥ ಪದ ಹಾಡುವ ಶಾಹೀರನ ಹಿಂದಿನವರು ಜೀಜೀ ಎನ್ನುತ್ತಾರೆ. ಸ್ವರದ ಓಡಾಟ ಮೂರು ನಾಲ್ಕು ಮನೆ, ಅಷ್ಟೇ. ರುಚಿ ಇರುವುದು ಬೇರೆ ಕಡೆ: ಒಂದು ಆವರ್ತದೊಳಗೆ ಎಷ್ಟು ಮಾತು ತುರುಕಿದ, ಪ್ರಾಸ ಎಲ್ಲಿ ತಂದು ಕೆಡವಿದ, ಉಸಿರು ಎಲ್ಲಿ ಕದ್ದ. ನಡುವೆ ದಪ್ಪು ನಿಲ್ಲಿಸಿ ಗದ್ಯದಲ್ಲೇ ನಾಲ್ಕು ಮಾತು ಹೇಳಿ ಮತ್ತೆ ತಾಳಕ್ಕೆ ಜಿಗಿಯುತ್ತಾನೆ. ಕೂತ ಜನ ತಲೆದೂಗುವುದು ಆ ಜಿಗಿತಕ್ಕೆ.

ಇದಕ್ಕೂ ದೊಡ್ಡದು ಜಿದ್ದು. ಪೇಟಕ್ಕೆ ಸಿಕ್ಕಿಸುವ ಕಲ್ಗಿ, ತುರಾ ಎಂಬ ಎರಡು ಅಲಂಕಾರಗಳ ಹೆಸರಿನಲ್ಲಿ ಹಾಡುಗಾರರ ಎರಡು ಪಂಥಗಳಾದವು. ಕಲ್ಗಿಯವರಿಗೆ ಶಕ್ತಿ ದೊಡ್ಡವಳು, ತುರಾದವರಿಗೆ ಶಿವ ದೊಡ್ಡವನು. ಮಧ್ಯ ಭಾರತದಿಂದ ಮಹಾರಾಷ್ಟ್ರದವರೆಗೆ ಹಬ್ಬಿದ ಈ ಜಗಳ ಕನ್ನಡದಲ್ಲಿ ಹರದೇಶಿ–ನಾಗೇಶಿ ಎಂಬ ಹೆಸರಿನಲ್ಲಿ ನಡೆಯಿತು. ಒಂದು ಮೇಳ ಸವಾಲು ಹಾಕಿದರೆ ಇನ್ನೊಂದು ತಾಳ ತಪ್ಪದಂತೆ ಜವಾಬು ಕೊಡಬೇಕು. ಸವಾಲುಗಳು ಪುರಾಣ, ಪಿಂಡಾಂಡ, ಮಾಯೆ, ಪ್ರಕೃತಿಗಳ ಒಗಟುಗಳು. ರಾತ್ರಿ ಕೂತ ಪದ ಬೆಳಗಾದರೂ ಮುಗಿಯುತ್ತಿರಲಿಲ್ಲ. ಉತ್ತರ ಹೊಳೆಯದವನನ್ನು ಎದುರು ಮೇಳ ಹಾಡಿನಲ್ಲೇ ಹೀಯಾಳಿಸುತ್ತಿತ್ತು, ಜಾತ್ರೆಯ ಜನ ಕೇಕೆ ಹಾಕುತ್ತಿದ್ದರು. ಅಮೆರಿಕದ ಹುಡುಗರು ‘ಬ್ಯಾಟಲ್’ ಎಂದು ಕರೆಯುವುದಕ್ಕೆ ಇದಕ್ಕಿಂತ ಹತ್ತಿರದ ಸಂಬಂಧಿ ಸಿಗಲಾರದು. ವ್ಯತ್ಯಾಸ ಒಂದಿದೆ: ಇಲ್ಲಿ ಬೈಯಬೇಕಾದರೂ ಶಾಸ್ತ್ರ ಓದಿರಬೇಕಿತ್ತು.

ಭಾಷೆಯ ಗಡಿ ಇವರನ್ನು ಅಷ್ಟಾಗಿ ತಡೆಯಲಿಲ್ಲ. ಪೇಶವೆಗಳ ಕಾಲದ ಹೆಸರಾಂತ ಲಾವಣಿಕಾರ ರಾಮ ಜೋಶಿ ಸೊಲ್ಲಾಪುರದವನು. ಮರಾಠಿಯ ಜೊತೆಗೆ ಸಂಸ್ಕೃತ, ಕನ್ನಡದ ಮಾತುಗಳನ್ನೂ ಲಾವಣಿಯಲ್ಲಿ ಬೆರೆಸಿದ. ಸೊಲ್ಲಾಪುರದ ಗಡಿಗೆ ಅಂಟಿದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹಳ್ಳಿಯ ಹಾಡು ಕೂಡಿಹಾಕಿ 1931ರಲ್ಲಿ ‘ಗರತಿಯ ಹಾಡು’, 1933ರಲ್ಲಿ ಲಾವಣಿಗಳ ಸಂಕಲನ ‘ಜೀವನ ಸಂಗೀತ’ ತಂದರು. ಆ ಹೆಸರನ್ನು ಗಮನಿಸಬೇಕು. ಲಾವಣಿ ಸಂಗೀತವೇ ಎಂಬ ಪ್ರಶ್ನೆಗೆ ಅವರು ಪುಸ್ತಕದ ರಟ್ಟಿನ ಮೇಲೆಯೇ ಉತ್ತರ ಬರೆದಿದ್ದರು.

ಮರಾಠಿಯ ವೀರಗಾಥೆಯ ಹಾಡು ಪೋವಾಡಾಕ್ಕೆ ಇನ್ನೂ ಉದ್ದದ ದಾಖಲೆಯಿದೆ. 1659ರಲ್ಲಿ ಶಿವಾಜಿ ಅಫಜಲಖಾನನನ್ನು ಕೊಂದ ಪ್ರಸಂಗದ ಮೇಲೆ ಅಗ್ನಿದಾಸ ಕಟ್ಟಿದ್ದು ಇಂದು ಉಳಿದಿರುವ ಹಳೆಯ ಪೋವಾಡಾಗಳಲ್ಲಿ ಮೊದಲಿನದು. ಆಗ ಅದು ಇತಿಹಾಸವಾಗಿರಲಿಲ್ಲ, ಸುದ್ದಿಯಾಗಿತ್ತು. 1869ರಲ್ಲಿ ಜೋತಿಬಾ ಫುಲೆ ಅದೇ ರೂಪ ಹಿಡಿದು ಶಿವಾಜಿಯನ್ನು ರೈತರ, ಶೂದ್ರರ ರಾಜನನ್ನಾಗಿ ಹಾಡಿದರು. 1944ರಲ್ಲಿ ಅಣ್ಣಾಭಾವು ಸಾಠೆ, ಅಮರ ಶೇಖ, ಗವಾಣಕರ ಸೇರಿ ‘ಲಾಲ್ ಬಾವಟಾ ಕಲಾಪಥಕ’ ಕಟ್ಟಿ ಗಿರಣಿ ಕಾರ್ಮಿಕರ ಚಾಳುಗಳಿಗೆ ಡಫ್ ಒಯ್ದರು. ಅಮರ ಶೇಖ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯವರು, ಹುಟ್ಟಿನಿಂದ ಮುಸಲ್ಮಾನರು. ಸಾಠೆ ಮಾಂಗ ಜಾತಿಯವರು, ಶಾಲೆ ಕಂಡದ್ದೇ ಕಡಿಮೆ. ಅಂಬೇಡ್ಕರರ ಹತ್ತು ಸಭೆಗಳಿಗೆ ಹಾಡು–ನಾಟಕದ ಒಂದು ಜಲಸಾ ಸಮ ಎಂಬ ಮಾತು ಮಹಾರಾಷ್ಟ್ರದಲ್ಲಿ ಇಂದಿಗೂ ಓಡಾಡುತ್ತದೆ, ಅದನ್ನು ಹೇಳಿದವರು ಸ್ವತಃ ಅಂಬೇಡ್ಕರರೇ ಎಂದೂ ಜನ ಹೇಳುತ್ತಾರೆ.

ತಕರಾರಿನ ಬೇರು ಇರುವುದು ಇಲ್ಲೇ. ಹಲಗೆ ಬಡಿದವರು ಗುಡಿಯ ಹೊರಗೆ ನಿಂತವರು. 20ನೇ ಶತಮಾನದ ಆರಂಭದಲ್ಲಿ ಸಂಗೀತಕ್ಕೆ ವಿದ್ಯಾಲಯ, ಪಠ್ಯ, ಪರೀಕ್ಷೆಗಳು ಬಂದಾಗ ರಾಗವೇ ಅಳತೆಗೋಲಾಯಿತು, ದಪ್ಪು ‘ಜಾನಪದ’ವೆಂಬ ಪಕ್ಕದ ಕೋಣೆಗೆ ಹೋಯಿತು. ಆ ಅಳತೆಗೋಲಿನ ಬಿಸಿ ಸಿನಿಮಾಕ್ಕೂ ತಟ್ಟಿತು. 1952ರಲ್ಲಿ ಕೇಂದ್ರದ ವಾರ್ತಾ ಮಂತ್ರಿಯಾದ ಬಿ.ವಿ. ಕೇಸ್ಕರ್ ಅವರಿಗೆ ಚಿತ್ರಗೀತೆ ಸಂಗೀತವೆನಿಸಲಿಲ್ಲ. ಅವರ ಕಾಲದಲ್ಲಿ ಅದು ಆಕಾಶವಾಣಿಯಿಂದ ಬಹುಪಾಲು ಮಾಯವಾಯಿತು. ಕೇಳುಗರು ವಾದಕ್ಕೆ ನಿಲ್ಲಲಿಲ್ಲ, ಸುಮ್ಮನೆ ರೇಡಿಯೋ ಸಿಲೋನ್ ಕಡೆಗೆ ಮುಳ್ಳು ತಿರುಗಿಸಿದರು. 1957ರಲ್ಲಿ ವಿವಿಧ ಭಾರತಿ ಶುರುಮಾಡಿ ಸರ್ಕಾರವೇ ಸೋಲೊಪ್ಪಿತು.

ಅಮೆರಿಕದಲ್ಲೂ ಹೀಗೇ ಆಯಿತು. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಕೂಲ್ ಹರ್ಕ್ ಎಂಬ ಹುಡುಗ ನಡೆಸಿದ ಪಾರ್ಟಿಯನ್ನು ಹಿಪ್‌ಹಾಪಿನ ಹುಟ್ಟುಹಬ್ಬವೆಂದು ಆಚರಿಸುತ್ತಾರೆ. 1989ರಲ್ಲಿ ಗ್ರ್ಯಾಮಿಯವರು ಮೊದಲ ಸಲ ರ‍್ಯಾಪಿಗೆ ಪ್ರಶಸ್ತಿ ಇಟ್ಟರು, ಅದನ್ನು ಕೊಡುವುದನ್ನು ಮಾತ್ರ ಟಿವಿಯಲ್ಲಿ ತೋರಿಸಲಿಲ್ಲ. ಗೆದ್ದವರೇ ಸಮಾರಂಭ ಬಹಿಷ್ಕರಿಸಿದರು. 2018ರಲ್ಲಿ ಕೆಂಡ್ರಿಕ್ ಲಮಾರ್‌ಗೆ ಪುಲಿಟ್ಜರ್ ಬಂತು. ಅದು ಸಾಹಿತ್ಯದ ವಿಭಾಗದಲ್ಲಿ ಬಂದದ್ದಲ್ಲ, ಸಂಗೀತದ ವಿಭಾಗದಲ್ಲಿ.

ಮರಾಠವಾಡದಲ್ಲಿ ಪ್ರಶಸ್ತಿಗಿಂತ ಮೊದಲು ಪೊಲೀಸರು ಬಂದರು. 2023ರ ಏಪ್ರಿಲ್‌ನಲ್ಲಿ, ರಾಜ್ಯದ ಪಕ್ಷಾಂತರ ರಾಜಕಾರಣವನ್ನು ಕುಟುಕಿದ ರ‍್ಯಾಪಿಗಾಗಿ ಸಂಭಾಜಿನಗರದ ರಾಜ್ ಮುಂಗಾಸೆ ಮೇಲೆ ಅಂಬರನಾಥದಲ್ಲಿ ಪ್ರಕರಣ ದಾಖಲಾಯಿತು; ಅದೇ ದಿನಗಳಲ್ಲಿ ಮುಂಬಯಿಯ ಉಮೇಶ್ ಖಾಡೆ ಮೇಲೂ ಒಂದು. ಅದಕ್ಕೆ ಒಂದು ವರ್ಷ ಮೊದಲು, 2022ರ ಏಪ್ರಿಲ್‌ನಲ್ಲಿ, ಉದಗೀರದಲ್ಲಿ 95ನೇ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನ ನಡೆದಿತ್ತು. ಅದೇ ಊರಿನಲ್ಲಿ ಅದೇ ಹೊತ್ತಿಗೆ ವಿದ್ರೋಹಿ ಸಾಹಿತ್ಯ ಸಮ್ಮೇಳನವೂ ಸೇರಿತ್ತು. ಒಂದು ಚಪ್ಪರ ಸವಾಲು, ಇನ್ನೊಂದು ಜವಾಬು ಎಂಬುದು ಆ ಊರಿಗೆ ಅಪರಿಚಿತವಾದ ರೀತಿಯೇನಲ್ಲ.

ಹಾಗೆಂದು ಫೋನಿನಲ್ಲಿ ಕೇಳಿಸುವುದೆಲ್ಲ ಒಳ್ಳೆಯ ಸಂಗೀತ ಎಂದರೆ ಯಾರೂ ನಂಬುವುದಿಲ್ಲ, ನಂಬಲೂಬಾರದು. ಕನ್ನಡ ಸಿನಿಮಾದ ಎಷ್ಟೋ ರ‍್ಯಾಪ್ ತುಣುಕುಗಳು ಎರಡು ಚರಣಗಳ ನಡುವಿನ ಸಂದು ತುಂಬುವ ಸಿಮೆಂಟು. ಪ್ರಾಸಕ್ಕಾಗಿ ಹೆಂಡ, ಹುಡುಗಿ, ಕಾರು ಬಿಟ್ಟರೆ ಮತ್ತೊಂದು ಹೊಳೆಯುವುದಿಲ್ಲ. ಗೀಗೀ ಮೇಳದ ಪಕ್ಕದಲ್ಲಿಟ್ಟರೆ ಇನ್ನೊಂದು ಕೊರತೆಯೂ ಕಾಣುತ್ತದೆ: ತಾಳ ಯಂತ್ರದ್ದಾದ್ದರಿಂದ ಹಾಡುವವನು ಎಡವಿದರೂ ಅದು ಕಾಯುವುದಿಲ್ಲ, ಹಿಮ್ಮೇಳ ಎತ್ತಿ ಹಿಡಿಯುವುದೂ ಇಲ್ಲ. ಒಂದು ನಿಮಿಷದ ರೀಲಿಗೆ ಎದುರಿನಿಂದ ಜವಾಬೂ ಬರುವುದಿಲ್ಲ. ಇವು ಕೆಟ್ಟ ರ‍್ಯಾಪಿನ ಮೇಲಿನ ದೂರುಗಳು. ಕೆಟ್ಟ ಖಯಾಲು ಕೇಳಿ ಖಯಾಲೇ ಸಂಗೀತವಲ್ಲ ಎಂದು ಯಾರೂ ತೀರ್ಪು ಕೊಟ್ಟಿಲ್ಲ.

ಈ ಸೀಮೆಯ ಮಟ್ಟಿಗೆ ರ‍್ಯಾಪ್ ಸಂಗೀತವೇ. ಅಲ್ಲ ಎನ್ನುವವರು ಮೊದಲು ಪೋವಾಡಾವನ್ನೂ ಗೀಗೀ ಪದವನ್ನೂ ಮೊಹರಮ್ಮಿನಲ್ಲಿ ಹಾಡುವ ರಿವಾಯತ್ತನ್ನೂ ಹೊರಗೆ ಹಾಕಿ ಬರಬೇಕು. ಸದ್ಯಕ್ಕೆ ಅದಕ್ಕಿಂತ ತುರ್ತಿನ ಕೆಲಸ ಒಂದಿದೆ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ನಮ್ಮದೇ ಜಾನಪದ ವಿಶ್ವವಿದ್ಯಾಲಯವಿದೆ; ಗಡಿಯಾಚೆ ಮರಾಠಿಯ ಸಂಸ್ಥೆಗಳಿವೆ. ರಾತ್ರಿಯಿಡೀ ಸವಾಲು–ಜವಾಬು ನಡೆಸಬಲ್ಲ ಹಿರಿಯ ಹಾಡುಗಾರರು ಗಡಿಯ ಎರಡೂ ಬದಿ ಇನ್ನೂ ಇರುವಾಗಲೇ ಈ ಸಂಸ್ಥೆಗಳೆಲ್ಲ ಕೂಡಿ ಅವರ ಪದಗಳನ್ನು ಪೂರ್ತಿ ಧ್ವನಿಮುದ್ರಿಸಿ, ಉಮರ್ಗಾ, ನಿಲಂಗಾ, ಉದಗೀರದ ರ‍್ಯಾಪ್ ಹುಡುಗರ ಕಿವಿಗೆ ಮುಟ್ಟಿಸಲಿ.