ಅರಿಶಿನ ಕೇಸ್‌ನಲ್ಲಿ ನಾವು ಗೆದ್ದಿದ್ದೇನು?

"ಅಮೆರಿಕದವರು ನಮ್ಮ ಅರಿಶಿನ ಕದ್ದಿದ್ರು, ನಾವು ವಾಪಸ್ ತಂದ್ವಿ" ಅನ್ನೋ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರುತ್ತೆ. ನಡೆದಿದ್ದು ಅದಕ್ಕಿಂತ ಸ್ವಾರಸ್ಯವಾಗಿದೆ.

1995ರ ಮಾರ್ಚ್‌ನಲ್ಲಿ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಅಮೆರಿಕದ ಪೇಟೆಂಟ್ ಸಿಕ್ತು. ವಿಷಯ: ಗಾಯ ಮಾಯಿಸಲು ಅರಿಶಿನದ ಬಳಕೆ. ಸಂಶೋಧಕರಿಬ್ಬರೂ ಭಾರತ ಮೂಲದವರೇ! ಅಜ್ಜಿ ಮದ್ದು ಗೊತ್ತಿರಲಿಲ್ಲ ಅನ್ನೋ ಹಾಗಿಲ್ಲ. ತೊಡಕಿದ್ದದ್ದು ಆಗಿನ ಅಮೆರಿಕದ ಕಾನೂನಿನಲ್ಲಿ. ಹೊರದೇಶದಲ್ಲಿ ಜನ ಬಳಸ್ತಾ ಇದ್ದಾರೆ ಅಂದ್ರೆ ಸಾಲದು, ಅದು ಎಲ್ಲಾದರೂ ಅಚ್ಚಾಗಿರಬೇಕಿತ್ತು. ನಮ್ಮ ಭಾಷೇಲಿ ಹೇಳೋದಾದ್ರೆ, ಪ್ರೊಡಕ್ಷನ್‌ನಲ್ಲಿ ನೂರಾರು ವರ್ಷದಿಂದ ಓಡ್ತಿರೋ ಕೋಡಿಗೆ ಡಾಕ್ಯುಮೆಂಟೇಶನ್ ತೋರಿಸಿ ಅಂದ ಹಾಗೆ.

ಪುಣೆಯವರಿಗೆ ಎನ್‌ಸಿಎಲ್ ಗೊತ್ತಲ್ಲ, ಅಲ್ಲಿಂದ ಸಿಎಸ್‌ಐಆರ್ ಮುಖ್ಯಸ್ಥರಾಗಿ ಹೋದವರು ರಘುನಾಥ ಮಾಶೇಲ್ಕರ್. ಅವರ ಕಾಲದಲ್ಲಿ, 1996ರಲ್ಲಿ, ಸಿಎಸ್‌ಐಆರ್ ಈ ಪೇಟೆಂಟನ್ನು ಪ್ರಶ್ನಿಸಿತು. ಕೊಟ್ಟ ದಾಖಲೆಗಳು 32. ಸಂಸ್ಕೃತ, ಉರ್ದು, ಹಿಂದಿ ಗ್ರಂಥಗಳ ಜೊತೆ ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯ 1953ರ ಒಂದು ಲೇಖನವೂ ಇತ್ತು. 1997ರಲ್ಲಿ ಪೇಟೆಂಟ್ ಬಿತ್ತು.

ಈ ಗೆಲುವನ್ನ ಅರಿಶಿನದ ಗುಣಕ್ಕೆ ಸಿಕ್ಕ ಸರ್ಟಿಫಿಕೇಟ್ ಅಂತ ಓದೋರೇ ಜಾಸ್ತಿ. ನನಗಿರೋ ತಕರಾರು ಇಲ್ಲೇ. "ಇದು ಹೊಸದಲ್ಲ" ಅಂತ ಸಾಬೀತಾಯ್ತು, ಅಷ್ಟೇ.

ಗುಣದ ಕಥೆ ಬೇರೆ. ಅರಿಶಿನದ ಹಳದಿ ಬಣ್ಣದ ಕರ್ಕ್ಯುಮಿನ್ ಬ್ಯಾಕ್ಟೀರಿಯಾ ತಡೆಯುತ್ತೆ ಅಂತ 1949ರಲ್ಲೇ 'ನೇಚರ್' ಪತ್ರಿಕೇಲಿ ವರದಿ ಬಂದಿತ್ತು. ಆದರೂ ಡಾಕ್ಟರು ಸೋಂಕಿಗೆ ಬರೆದುಕೊಡೋದು ಮಾಮೂಲಿ ಆಂಟಿಬಯೋಟಿಕ್ ಮುಲಾಮನ್ನೇ. ಯಾಕೆ? ಕರ್ಕ್ಯುಮಿನ್ ನೀರಲ್ಲಿ ಕರಗಲ್ಲ, ಬೆಳಕಿಗೆ ಕೆಡುತ್ತೆ. ಪುಡಿಯಲ್ಲಿ ಇರೋದೇ ನೂರಕ್ಕೆ ಮೂರರಷ್ಟು, ಅದೂ ಬೆಳೆಯಿಂದ ಬೆಳೆಗೆ ಏರುಪೇರು. ಲ್ಯಾಬ್ ತಟ್ಟೇಲಿ ಬ್ಯಾಕ್ಟೀರಿಯಾ ನಿಂತ ಮಾತ್ರಕ್ಕೆ ಚರ್ಮದ ಮೇಲೂ ನಿಲ್ಲುತ್ತೆ ಅಂತಿಲ್ಲ. ಜೊತೆಗೆ ಈ ಕರ್ಕ್ಯುಮಿನ್ ಲ್ಯಾಬ್ ಪರೀಕ್ಷೆಗಳನ್ನೇ ದಾರಿ ತಪ್ಪಿಸುತ್ತೆ ಅಂತ 2017ರಲ್ಲಿ ಕೆಲವು ರಸಾಯನ ವಿಜ್ಞಾನಿಗಳು ಎಚ್ಚರಿಸಿದ್ರು.

ಮುಂಬೈಯವರಿಗೆ ವಿಕೋ ಟರ್ಮರಿಕ್ ಜಾಹೀರಾತು ನೆನಪಿರುತ್ತೆ. ಅದು ಸೌಂದರ್ಯವರ್ಧಕವೋ ಆಯುರ್ವೇದ ಔಷಧಿಯೋ ಅನ್ನೋ ಎಕ್ಸೈಸ್ ಸುಂಕದ ಜಗಳ ಸುಪ್ರೀಂ ಕೋರ್ಟ್ ತನಕ ಹೋಗಿ ಕಂಪನಿ ಗೆದ್ದಿತು. ಅಲ್ಲೂ ತೀರ್ಮಾನವಾಗಿದ್ದು ತೆರಿಗೆ. ಮೊಡವೆ ಹೋಗುತ್ತಾ ಅನ್ನೋದಲ್ಲ.

ಇನ್ನೊಂದು ತಮಾಷೆ. ಕ್ರೀಮ್ ಅಂದ್ರೆ ಎಣ್ಣೆ, ನೀರಿನ ಮಿಶ್ರಣ. ನೀರಿದ್ದ ಕಡೆ ಸೂಕ್ಷ್ಮಜೀವಿ ಬೆಳೆಯುತ್ತೆ, ಗಿಡದ ಸಾರ ಹಾಕಿದ್ರೆ ಅವಕ್ಕೆ ಊಟಾನೂ ಸಿಕ್ಕ ಹಾಗೆ. ಅದಕ್ಕೇ ಬ್ಯಾಕ್ಟೀರಿಯಾ ಕೊಲ್ಲುತ್ತೆ ಅನ್ನೋ ಗಿಡಮೂಲಿಕೆ ಕ್ರೀಮಿಗೂ ಸಾಮಾನ್ಯವಾಗಿ ಬೇರೆ ಪ್ರಿಸರ್ವೇಟಿವ್ ಹಾಕ್ತಾರೆ. ಮನೇಲಿ ಟ್ಯೂಬ್ ಇದ್ರೆ ಹಿಂದಿನ ಸಣ್ಣಕ್ಷರ ಒಮ್ಮೆ ಓದಿ.