ಗಣಕದ ಸ್ಮೃತಿಯೂ ವಾಚನದೋಷವೂ

ಗಣಕಯಂತ್ರದ ಲೇಖಗಳು ಸ್ಥಿರವಾಗಿ ನೆಲೆಸಿರುವುದು ಡಿಸ್ಕಿನಲ್ಲಿ. ಅಲ್ಲಿಂದ ಓದಿ ತರುವುದು ವಿಲಂಬದ ಕಾರ್ಯವಾದುದರಿಂದ, ಒಮ್ಮೆ ತಂದ ಭಾಗದ ಪ್ರತಿಯನ್ನು ಯಂತ್ರದ ಸ್ಮೃತಿಯಲ್ಲಿರಿಸಿಕೊಂಡು, ಮತ್ತೆ ಕೇಳಿದವರಿಗೆ ಅದನ್ನೇ ಕೊಡುವ ಪದ್ಧತಿಯುಂಟು. ಈ ಸಂಗ್ರಹಕ್ಕೆ ಕ್ಯಾಷ್ ಎಂದು ಹೆಸರು. ಡಿಸ್ಕಿನ ವಾಚನವೇ ಕೆಟ್ಟಾಗ ಸಂಗ್ರಹವು ಏನು ಮಾಡತಕ್ಕದ್ದೆಂಬ ಪ್ರಶ್ನೆಗೆ ಯುನಿಕ್ಸ್ ಎಂಬ ಕಾರ್ಯವ್ಯವಸ್ಥೆಯು ಕೊಟ್ಟ ಉತ್ತರವು ವಿಚಾರಾರ್ಹವಾದುದು.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಇವರು 1969ರಲ್ಲಿ ಆರಂಭಿಸಿದ ಯುನಿಕ್ಸಿನ ಆರನೆಯ ಆವೃತ್ತಿ 1975ರಲ್ಲಿ ಹೊರಬಂದಿತು. ಆಸ್ಟ್ರೇಲಿಯದ ಅಧ್ಯಾಪಕ ಜಾನ್ ಲಯನ್ಸ್ ಅದಕ್ಕೆ ಬರೆದ ವ್ಯಾಖ್ಯಾನವು ಬಹುಕಾಲ ನಕಲುಗಳಾಗಿ ಕೈಯಿಂದ ಕೈಗೆ ಸಂಚರಿಸಿ, 1996ರಲ್ಲಿ ಗ್ರಂಥರೂಪವನ್ನು ಪಡೆಯಿತು. ಆದಕಾರಣ ಆ ಆವೃತ್ತಿಯ ಮೂಲಪಾಠವು ಸುವಿದಿತವಾಗಿದೆ.

ಅದರಲ್ಲಿ ಸಂಗ್ರಹವೆಂದರೆ 512 ಬೈಟುಗಳ 15 ಕೋಶಗಳು. ಇಂಥ ಡಿಸ್ಕಿನ ಇಂಥ ಖಂಡವೆಂಬ ಅಂಕಿತವು ಪ್ರತಿಯೊಂದಕ್ಕೂ ಉಂಟು. ಆರ್‌ಕೆ ಎಂಬ ಜಾತಿಯ ಡಿಸ್ಕಿನಲ್ಲಿ ವಾಚನವು ತಪ್ಪಿದರೆ 10 ಸಾರಿ ಮರುಯತ್ನ ನಡೆಯುವುದು. ಅದೂ ವಿಫಲವಾದರೆ ಕೋಶಕ್ಕೆ ದೋಷಚಿಹ್ನೆಯನ್ನಿಟ್ಟು, ಕೇಳಿದವನಿಗೆ ದೋಷವನ್ನು ತಿಳಿಸುವರು. ಕೋಶವನ್ನು ಬಿಡುಗಡೆಮಾಡುವಾಗ ಅದರ ಅಂಕಿತವನ್ನು ಅಳಿಸಿಬಿಡುವರು. ಮುಂದೆ ಅದೇ ಖಂಡವನ್ನು ಕೇಳಿದವನಿಗೆ ಕೆಟ್ಟ ಪ್ರತಿ ದೊರೆಯದು. ಡಿಸ್ಕನ್ನೇ ಪುನಃ ಪರೀಕ್ಷಿಸಬೇಕಾಗುವುದು. ಯಾರೂ ಕೇಳದೆ ಮುಂದಾಗಿಯೇ ಓದಿಟ್ಟ ಖಂಡ ಕೆಟ್ಟರೂ ಇದೇ ಕ್ರಮ.

ಸ್ಮೃತಿಯ ಯಾಥಾರ್ಥ್ಯವು ಪೂರ್ವಾನುಭವದ ಯಾಥಾರ್ಥ್ಯವನ್ನು ಅವಲಂಬಿಸಿದುದೆಂಬುದು ನೈಯಾಯಿಕರ ಮತ. ಅನುಭವವೇ ಕೆಟ್ಟಲ್ಲಿ ಸ್ಮೃತಿಯನ್ನು ತೊರೆಯುವ ಈ ವಿಧಿಯು ಆ ಮತಕ್ಕೆ ಒಪ್ಪುವಂತಿದೆ.

ಆದರೆ ಬರೆಹದ ವಿಷಯವು ಬೇರೆ. ಬರೆಯತಕ್ಕುದು ಡಿಸ್ಕನ್ನು ಮುಟ್ಟುವವರೆಗೆ ಸ್ಮೃತಿಯಲ್ಲಿ ಮಾತ್ರ ಇರುವುದು. ಅಲ್ಲಿ ಸ್ಮೃತಿಯೇ ಮೂಲ. ಆರನೆಯ ಆವೃತ್ತಿಯಲ್ಲಿ ತಡೆದು ಬರೆಯುವ ಖಂಡಗಳಿಗೂ ಅದೇ ವಿಧಿಯು ಅನ್ವಯಿಸಿದುದರಿಂದ, ಬರೆಹವು ವಿಫಲವಾದರೆ ಮೂಲವೇ ನಷ್ಟವಾಗುತ್ತಿತ್ತು. 43 ವರ್ಷಗಳ ತರುವಾಯ, 2018ರಲ್ಲಿ, ಲಿನಕ್ಸ್ ವ್ಯವಸ್ಥೆಯಲ್ಲಿ ಇದಕ್ಕೆ ಸಮೀಪವಾದ ದೋಷವು ಚರ್ಚೆಗೆ ಬಂದಿತು. ಬರೆಹ ವಿಫಲವಾದ ಪುಟಗಳನ್ನೂ ಅದು ಬರೆದಾದವೆಂದೇ ಗಣಿಸುತ್ತಿದ್ದುದರಿಂದ, ಎರಡನೆಯ ಸಾರಿ ವಿಚಾರಿಸಿದಾಗ ಎಲ್ಲವೂ ಸರಿಯೆಂಬ ಉತ್ತರ ಬರಬಹುದಾಗಿತ್ತು. ಪೋಸ್ಟ್‌ಗ್ರೆಸ್ ಎಂಬ ದತ್ತಸಂಗ್ರಹದ ಕರ್ತೃಗಳು 2019ರಲ್ಲಿ ಬೇರೆ ಮಾರ್ಗವನ್ನು ಹಿಡಿದರು: ಮೊದಲ ವೈಫಲ್ಯದಲ್ಲಿಯೇ ಕಾರ್ಯವನ್ನು ನಿಲ್ಲಿಸಿ, ಮುಂಚೆ ಬರೆದಿಟ್ಟ ದಾಖಲೆಯಿಂದ ಎಲ್ಲವನ್ನೂ ಪುನಃ ಕಟ್ಟುವುದು.

ಓದಿನಲ್ಲಿ ಮರೆವು ಗುಣ, ಬರೆಹದಲ್ಲಿ ಅದೇ ದೋಷ. ಮೂಲವು ಎಲ್ಲಿರುವುದೆಂಬುದನ್ನು ನಿರ್ಣಯಿಸದೆ ವಿಧಿಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯಬಾರದೆಂಬುದೇ ಈ ಇತಿಹಾಸದಿಂದ ಸಿದ್ಧವಾಗುವ ಅರ್ಥ.